ಪುಟ್ಟ ಕಾರಿಗೆ ಏಳಕ್ಷರದ ಕನ್ನಡ: ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಆಯ್ಕೆಯ ನಂಬರ್ ಪ್ಲೇಟ್ ಆರಿಸುವ ಬಗೆ

ಕರ್ನಾಟಕದಲ್ಲಿ ಕಾರು ಕೊಂಡವರಿಗೆ ನಂಬರ್ ಪ್ಲೇಟಿನ ವಿಚಾರದಲ್ಲಿ ಆಯ್ಕೆ ಬಹಳ ಕಡಿಮೆ. ಆರ್‌ಟಿಒ ನಡೆಸುವ ಹರಾಜಿನಲ್ಲಿ ಹಣ ಕಟ್ಟಿ ಫ್ಯಾನ್ಸಿ ನಂಬರ್ ಪಡೆಯಬಹುದೇ ಹೊರತು, ಕೆಎ ಎಂಬ ರಾಜ್ಯದ ಗುರುತು, ಕಚೇರಿಯ ಸಂಖ್ಯೆ, ಸರಣಿಯ ಅಕ್ಷರಗಳು ಎಲ್ಲವೂ ಇಲಾಖೆ ಕೊಟ್ಟಂತೆಯೇ ಇರಬೇಕು. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಭದ್ರತಾ ಪ್ಲೇಟ್ ಕಡ್ಡಾಯವಾದ ಮೇಲೆ, ಅಂಕಿಗಳನ್ನು ಸೊಟ್ಟಗೆ ಬರೆಸಿ ಹೆಸರಿನಂತೆ ಕಾಣಿಸುವ ಹಳೆಯ ಚಾಳಿಗೂ ಜಾಗವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದಿಷ್ಟು ಹೆಚ್ಚುವರಿ ಶುಲ್ಕ ಕಟ್ಟಿದರೆ, ಬೇರೆ ಯಾರೂ ತೆಗೆದುಕೊಂಡಿರದ, ಇಲಾಖೆಗೆ ಆಕ್ಷೇಪವಿಲ್ಲದ ಯಾವ ಅಕ್ಷರಗುಚ್ಛವನ್ನಾದರೂ ನಿಮ್ಮ ಕಾರಿನ ಪ್ಲೇಟಿಗೆ ಪಡೆಯಬಹುದು. ಇದನ್ನೇ ವ್ಯಾನಿಟಿ ಪ್ಲೇಟ್ ಎಂದು ಕರೆಯುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರು ಸಣ್ಣ ಕಾರೊಂದಕ್ಕೆ ಇಂಥ ಪ್ಲೇಟ್ ಆರಿಸುವಾಗ ಏನೇನನ್ನು ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬೇರೆ ರಾಜ್ಯಗಳಲ್ಲಿ ಶುಲ್ಕ ಮತ್ತು ನಿಯಮಗಳು ಬೇರೆಯಾದರೂ ಪದವನ್ನು ಹುಡುಕುವ ಕೆಲಸ ಎಲ್ಲ ಕಡೆಯೂ ಒಂದೇ, ಮತ್ತು ನಿಜವಾದ ಶ್ರಮ ಇರುವುದು ಅಲ್ಲಿಯೇ.

ಮೊದಲು ಚೌಕಟ್ಟು

ಕ್ಯಾಲಿಫೋರ್ನಿಯಾ 1970ರಲ್ಲಿ ಈ ಪ್ಲೇಟುಗಳನ್ನು ಪರಿಸರದ ಪ್ಲೇಟ್ ಎಂಬ ಹೆಸರಿನಲ್ಲಿ ಆರಂಭಿಸಿತು. ಜನರು ಕಟ್ಟುವ ಹೆಚ್ಚುವರಿ ಹಣ ರಾಜ್ಯದ ಪರಿಸರ ನಿಧಿಗೆ ಹೋಗುತ್ತದೆ. ಸಾಮಾನ್ಯ ಕಾರಿನ ಪ್ಲೇಟಿಗೆ ಕನಿಷ್ಠ ಎರಡು, ಗರಿಷ್ಠ ಏಳು ಅಕ್ಷರ ಅಥವಾ ಅಂಕಿಗಳು ಸಲ್ಲುತ್ತವೆ. ಮೊದಲ ಬಾರಿಗೆ 53 ಡಾಲರ್, ಆಮೇಲೆ ಪ್ರತಿ ವರ್ಷ 43 ಡಾಲರ್ ಎಂಬುದು ನಾನು ತಿಳಿದಿರುವ ದರ. ಇದು ನೋಂದಣಿ ಶುಲ್ಕದ ಮೇಲೆ ಕಟ್ಟಬೇಕಾದ ಹಣ, ಮತ್ತು ಪ್ರತಿ ವರ್ಷವೂ ಕಟ್ಟಬೇಕು. ವರ್ಜೀನಿಯಾದಲ್ಲಿ ವರ್ಷಕ್ಕೆ ಕೇವಲ 10 ಡಾಲರ್ ಇರುವುದರಿಂದಲೇ ಅಲ್ಲಿಯ ರಸ್ತೆಗಳಲ್ಲಿ ಇಂಥ ಪ್ಲೇಟುಗಳು ಹೆಜ್ಜೆಗೊಂದು ಕಾಣಸಿಗುತ್ತವೆ. ದರಗಳು ಬದಲಾಗುತ್ತಿರುತ್ತವೆಯಾದ್ದರಿಂದ ಅರ್ಜಿ ಹಾಕುವ ದಿನ ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯ, ಅಂದರೆ ಡಿಎಂವಿಯ, ಜಾಲತಾಣವನ್ನು ನೋಡಿಯೇ ಮುಂದುವರಿಯಿರಿ. ಬೇಕಾದ ಅಕ್ಷರಗಳು ಖಾಲಿ ಇವೆಯೇ ಇಲ್ಲವೇ ಎಂಬುದನ್ನು ಅಲ್ಲಿಯೇ ಟೈಪ್ ಮಾಡಿ ಪರೀಕ್ಷಿಸಬಹುದು.

ಫಲಕದ ಅಳತೆ ಹನ್ನೆರಡು ಇಂಚು ಅಗಲ, ಆರು ಇಂಚು ಎತ್ತರ. ದೊಡ್ಡ ಟ್ರಕ್ಕಿನ ಹಿಂಬದಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಮಿನಿ ಕೂಪರ್, ಫಿಯೆಟ್ 500, ಹೋಂಡಾ ಫಿಟ್, ನಿಸಾನ್ ಲೀಫ್‌ನಂಥ ಕಾರುಗಳ ಹಿಂಬದಿಯಲ್ಲಿ ಮಾತ್ರ ಗಣನೀಯ ಜಾಗವನ್ನು ಆಕ್ರಮಿಸುತ್ತದೆ. ಸಣ್ಣ ಕಾರಿಗೆ ಪದವನ್ನು ಹೆಚ್ಚು ಎಚ್ಚರದಿಂದ ಆರಿಸಬೇಕೆನ್ನುವುದಕ್ಕೆ ಇದೇ ಕಾರಣ. ನೋಡುವವನ ಕಣ್ಣಿಗೆ ಕಾರು ಮತ್ತು ಪದ ಒಟ್ಟಿಗೆ ಬೀಳುತ್ತವೆ, ಆದ್ದರಿಂದ ಎರಡೂ ಒಂದಕ್ಕೊಂದು ಒಪ್ಪಬೇಕು.

ಕಾರಿನಿಂದಲೇ ಪದವನ್ನು ತೆಗೆಯಿರಿ

ಹೆಚ್ಚಿನವರು ತಮ್ಮ ಹೆಸರಿನಿಂದ ಆರಂಭಿಸುತ್ತಾರೆ. ನನ್ನ ಸಲಹೆ, ಕಾರಿನಿಂದ ಆರಂಭಿಸಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವ ಮಾತು ಸಣ್ಣ ಕಾರಿನ ಪ್ಲೇಟಿಗೆ ಹೇಳಿ ಮಾಡಿಸಿದ್ದು. ಗಾತ್ರವನ್ನು ಒಪ್ಪಿಕೊಂಡು, ಅದರಲ್ಲಿಯೇ ಒಂದು ಹಿರಿಮೆಯನ್ನು ಕಾಣಿಸುವ ಪದ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿಯಿತು.

ಅಂಥ ಪದಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ‘ಮೂಷಿಕ’. ಇಂಗ್ಲಿಷಿನ ಅಕ್ಷರಗಳಲ್ಲಿ ಬರೆದರೆ ಎಂ-ಯು-ಎಸ್-ಎಚ್-ಐ-ಕೆ-ಎ, ಸರಿಯಾಗಿ ಏಳು. ದೊಡ್ಡ ಹೊಟ್ಟೆಯ ದೇವರನ್ನು ಹೊತ್ತು ತಿರುಗುವ ಪುಟ್ಟ ವಾಹನ ಎಂಬ ಅರ್ಥ ನಮ್ಮವರಿಗೆ ತಕ್ಷಣ ಹೊಳೆಯುತ್ತದೆ, ವಾಹನ ಎಂಬ ಮಾತು ಕಾರಿಗೂ ಸಲ್ಲುತ್ತದೆ, ಕನ್ನಡ ಬಾರದವರ ಕಿವಿಗೂ ಪದ ಇಂಪಾಗಿ ಕೇಳುತ್ತದೆ. ಇದೇ ಅರ್ಥದ ‘ಇಲಿ’ಯನ್ನು ಆರಿಸಬೇಡಿ, ಐ-ಎಲ್-ಐ ಎಂಬ ಮೂರಕ್ಷರಗಳು ದೂರದಿಂದ ಮೂರು ಗೆರೆಗಳಂತೆ ಕಾಣುತ್ತವೆ, ಮತ್ತು ಅವು ಒಂದೆಂಬ ಅಂಕಿಯೋ ಅಕ್ಷರವೋ ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೂರು ಹೆಜ್ಜೆಗಳಲ್ಲಿ ಲೋಕವನ್ನೇ ಅಳೆದ ಕುಳ್ಳ ‘ವಾಮನ’ ಆರಕ್ಷರಗಳಲ್ಲಿ ಕೂರುತ್ತಾನೆ. ಸಣ್ಣ ಎಂಜಿನ್ನಿನಲ್ಲಿ ದೂರದೂರ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಕಾರಿನ ಮಾದರಿಗೂ ಪದಕ್ಕೂ ನೇರ ಸಂಬಂಧ ಹುಡುಕಿದರೆ ಜಾಣ್ಮೆ ಇನ್ನೂ ಮೊನಚಾಗುತ್ತದೆ. ನಿಸಾನ್ ಲೀಫ್ ಎಂದರೆ ಎಲೆ. ವಿದ್ಯುತ್ತಿನಿಂದ ಓಡುವ ಆ ಪುಟ್ಟ ಕಾರಿಗೆ ‘ಚಿಗುರು’ ಎಂಬ ಪದ ಸಿ-ಎಚ್-ಐ-ಜಿ-ಯು-ಆರ್-ಯು ಎಂದು ಏಳಕ್ಷರಗಳಲ್ಲಿ, ಒಂದೂ ಹೆಚ್ಚಿಲ್ಲದೆ ಒಂದೂ ಕಡಿಮೆಯಿಲ್ಲದೆ, ಹೊಂದುತ್ತದೆ. ಫಿಯೆಟ್ 500ಕ್ಕೆ ‘ಐನೂರು’ ಎಂದು ಬರೆಸಿದರೆ, ಕಾರಿನ ಮೇಲೆ ಕಂಪನಿ ಅಂಟಿಸಿರುವ ಅಂಕಿಯನ್ನು ಪ್ಲೇಟು ಕನ್ನಡದಲ್ಲಿ ಓದಿ ಹೇಳಿದಂತಾಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಇರುವವರಿಗೆ ‘ಜೀರುಂಡೆ’ ಇದೆ: ಜೆ-ಐ-ಆರ್-ಯು-ಎನ್-ಡಿ-ಇ. ಹಳದಿ ಬಣ್ಣದ ಹೋಂಡಾ ಫಿಟ್‌ಗೆ ‘ಸಾಸಿವೆ’ ಚೆನ್ನ, ಬಿಳಿಯದಕ್ಕೆ ‘ಚುಕ್ಕಿ’. ‘ಗುಬ್ಬಿ’ ಎಂದರೆ ಹಕ್ಕಿಯೂ ಹೌದು, ತುಮಕೂರು ಜಿಲ್ಲೆಯ ಊರೂ ಹೌದು. ಆ ಊರಿನ ಕಡೆಯವರಿಗೆ ಎರಡು ಅರ್ಥವೂ ಒಂದೇ ಪ್ಲೇಟಿನಲ್ಲಿ ದಕ್ಕುತ್ತವೆ.

ಅಂಕಿಗಳು ಕನ್ನಡದಲ್ಲಿ ಮಾತಾಡುತ್ತವೆ

ಇಂಗ್ಲಿಷ್ ಪ್ಲೇಟುಗಳಲ್ಲಿ ಎಂಟು ಎಂಬ ಅಂಕಿಯನ್ನು ‘ಏಟ್’ ಎಂದು ಓದಿಸಿ ಗ್ರೇಟ್, ಲೇಟ್ ಮುಂತಾದ ಪದಗಳನ್ನು ಕಟ್ಟುತ್ತಾರೆ. ಅದೇ ಉಪಾಯ ಕನ್ನಡದಲ್ಲಿ ಇನ್ನೂ ಸೊಗಸಾಗಿ ನಡೆಯುತ್ತದೆ, ಏಕೆಂದರೆ ನಮ್ಮ ಅನೇಕ ಸಂಖ್ಯಾಪದಗಳು ಸ್ವರದಿಂದ ಆರಂಭವಾಗುತ್ತವೆ ಮತ್ತು ಹಿಂದೆ ಒಂದು ವ್ಯಂಜನ ಬಂದೊಡನೆ ಅದರೊಡನೆ ಬೆರೆತುಬಿಡುತ್ತವೆ. ಕೆ ಅಕ್ಷರದ ಮುಂದೆ 6 ಇಟ್ಟರೆ ಕ್ ಮತ್ತು ಆರು ಸೇರಿ ‘ಕಾರು’. ಕೆ ಮುಂದೆ 7 ಇಟ್ಟರೆ ‘ಕೇಳು’, ಎಚ್ ಮುಂದೆ 7 ಇಟ್ಟರೆ ‘ಹೇಳು’.

ಈ ಸೂತ್ರವನ್ನು ಹಿಡಿದು ಹೊರಟರೆ ಎಸ್-ಎ-ಎನ್-ಎನ್-ಎ-ಕೆ-6 ಎಂಬ ಪ್ಲೇಟು ‘ಸಣ್ಣ ಕಾರು’ ಎಂದು ಓದಿಸಿಕೊಳ್ಳುತ್ತದೆ. ಏಳೇ ಏಳು ಅಕ್ಷರ, ವಿಷಯವೇ ಸಣ್ಣ ಕಾರು, ಓದಲು ಕನ್ನಡವೇ ಬೇಕು. ಇದಕ್ಕಿಂತ ಪೂರ್ತಿಯಾಗಿ ಹೊಂದುವ ಪ್ಲೇಟನ್ನು ನಾನು ಕಲ್ಪಿಸಿಕೊಳ್ಳಲಾರೆ. ಮನೆಯವರೆಲ್ಲ ಓಡಿಸುವ ಕಾರಾದರೆ ಮೊದಲ ಐದಕ್ಷರಗಳನ್ನು ‘ನಮ್ಮ’ ಎಂದು ಬದಲಿಸಿಕೊಳ್ಳಬಹುದು. ಎಚ್-7ರ ಮುಂದೆ ‘ಗುರು’ ಸೇರಿಸಿದರೆ ‘ಹೇಳು ಗುರು’ ಎಂಬ ಬೆಂಗಳೂರಿನ ಸಲುಗೆಯ ಮಾತು ಆರೇ ಅಕ್ಷರಗಳಲ್ಲಿ ಸಿದ್ಧ.

ಇನ್ನೊಂದು ಬಗೆಯಲ್ಲಿ ಅಂಕಿಯ ಹೆಸರೇ ಕ್ರಿಯಾಪದವಾಗುತ್ತದೆ. ಹತ್ತು ಎಂದರೆ ಸಂಖ್ಯೆಯೂ ಹೌದು, ಗಾಡಿ ಹತ್ತು ಎನ್ನುವ ಆಹ್ವಾನವೂ ಹೌದು. ಬಿ-ಎ-1-0 ಎಂದು ಬರೆದರೆ ‘ಬಾ, ಹತ್ತು’. ನಾಲ್ಕೇ ಅಕ್ಷರ, ಅದರಲ್ಲಿ ಎರಡು ಅಂಕಿ, ಆದರೂ ಊರಿನಲ್ಲಿ ಕಾರು ನಿಲ್ಲಿಸಿ ಪರಿಚಯದವರನ್ನು ಕರೆಯುವ ಧಾಟಿ ಪೂರ್ತಿಯಾಗಿ ಬಂದಿದೆ. ಇದರಲ್ಲಿ ಒಂದು ತೊಡಕಿದೆ. ಒಂದು ಮತ್ತು ಸೊನ್ನೆಗಳನ್ನು ಐ ಮತ್ತು ಒ ಎಂದು ಓದಿಕೊಂಡರೆ ಅದು ಅರ್ಥವಿಲ್ಲದ ಬೇರೆಯೇ ಪದವಾಗುತ್ತದೆ. ಇದೇ ತೊಂದರೆ ‘ಸಣ್ಣ ಕಾರು’ ಪ್ಲೇಟಿನ 6ಕ್ಕೂ ಇದೆ. ಮಳೆಯಲ್ಲಿ, ಧೂಳಿನಲ್ಲಿ ಅದು ಜಿ ಅಕ್ಷರದಂತೆ ಕಾಣಬಹುದು. ಆದ್ದರಿಂದ ಅಂಕಿಯ ಆಟ ಆಡುವವರು ಒಂದು ಪ್ಲೇಟಿನಲ್ಲಿ ಒಂದೇ ಆಟಕ್ಕೆ ನಿಲ್ಲಿಸಬೇಕು. ಎರಡು ಅಂಕಿಗಳನ್ನು ಎರಡು ಬೇರೆ ಬೇರೆ ಪದಗಳಾಗಿ ಓದಿಸಲು ಹೊರಟರೆ ಓದುವವನು ಬಿಡಿಸುವಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ.

ಊರಿನ ನೆನಪನ್ನೇ ಇಡಬೇಕೆನ್ನುವವರಿಗೆ ಕೆಎ ಸಂಖ್ಯೆಗಳಿವೆ. ಕೆಎ 09 ಮೈಸೂರು, 12 ಮಡಿಕೇರಿ, 14 ಶಿವಮೊಗ್ಗ, 19 ಮಂಗಳೂರು, 20 ಉಡುಪಿ, 25 ಧಾರವಾಡ, 31 ಶಿರಸಿ, 32 ಕಲಬುರಗಿ. ಬರೀ ನಾಲ್ಕಕ್ಷರದ ಕೆಎ ಪ್ಲೇಟುಗಳು ಈಗಾಗಲೇ ಯಾರದೋ ಕೈಸೇರಿರುವ ಸಾಧ್ಯತೆಯಿರುವುದರಿಂದ ಉಳಿದ ಮೂರು ಸ್ಥಾನಗಳಲ್ಲಿ ಏನಾದರೂ ಸೇರಿಸಲು ಸಿದ್ಧರಾಗಿರಿ. ಇದು ಸುರಕ್ಷಿತ ಆಯ್ಕೆ. ಆದರೆ ಕಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ನಾನು ಇದನ್ನು ಎರಡನೆಯ ಸಾಲಿನಲ್ಲಿ ಇಡುತ್ತೇನೆ.

ಸ್ವರಗಳನ್ನು ಉಳಿಸಿ

ಬೇಕಾದ ಪದ ಏಳಕ್ಷರ ಮೀರಿದಾಗ ಅಥವಾ ಬೇರೆಯವರ ಪಾಲಾಗಿರುವಾಗ ಇಂಗ್ಲಿಷಿನವರು ಮೊದಲು ಮಾಡುವ ಕೆಲಸ ಸ್ವರಗಳನ್ನು ಕಿತ್ತುಹಾಕುವುದು. ಅವರ ಭಾಷೆಯಲ್ಲಿ ವ್ಯಂಜನಗಳ ಎಲುಬುಗೂಡು ನೋಡಿಯೇ ಪದವನ್ನು ಊಹಿಸಬಹುದು. ಕನ್ನಡದಲ್ಲಿ ಇದು ನಡೆಯುವುದಿಲ್ಲ. ಕೆ ಮತ್ತು ಎಲ್ ಎಂಬ ಎರಡು ಅಕ್ಷರಗಳನ್ನು ಮಾತ್ರ ಉಳಿಸಿದರೆ ಅದು ಕಲ್ಲು, ಕಾಲು, ಕೋಲು, ಕೂಲಿ, ಕೀಲಿ, ಕೊಲ್ಲು ಇವುಗಳಲ್ಲಿ ಯಾವುದೂ ಆಗಬಹುದು, ಮತ್ತು ಕೊನೆಯದನ್ನು ಯಾರೂ ತಮ್ಮ ಕಾರಿನ ಮೇಲೆ ಬಯಸಲಾರರು. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಿಂದಲೇ ಮುಗಿಯುತ್ತವೆ. ಆ ಕೊನೆಯ ಸ್ವರವನ್ನು ತೆಗೆದರೆ ಪದ ಕನ್ನಡದ್ದೆಂಬ ಗುರುತೇ ಅಳಿಸಿಹೋಗುತ್ತದೆ.

ಅಕ್ಷರ ಕಡಿಮೆ ಮಾಡಲೇಬೇಕಾದರೆ ಒತ್ತಕ್ಷರಗಳನ್ನು ಒಂಟಿಯಾಗಿಸಿ. ಗುಬ್ಬಚ್ಚಿಯನ್ನು ಪೂರ್ತಿ ಬರೆದರೆ ಒಂಬತ್ತು ಅಕ್ಷರ ಬೇಕು. ಒಂದು ಬಿ ಮತ್ತು ಒಂದು ಸಿ ಬಿಟ್ಟು ಜಿ-ಯು-ಬಿ-ಎ-ಸಿ-ಎಚ್-ಐ ಎಂದು ಬರೆದರೆ ಏಳಕ್ಕೆ ಇಳಿಯುತ್ತದೆ, ಆದರೂ ಕನ್ನಡ ಬಲ್ಲವರು ತಡವರಿಸದೆ ಗುಬ್ಬಚ್ಚಿ ಎಂದೇ ಓದುತ್ತಾರೆ. ದೀರ್ಘಗಳನ್ನು ತೋರಿಸಲು ಎರಡು ಎ, ಎರಡು ಇ ಬರೆಯುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಅಕ್ಕ ಎನ್ನುವಂಥ ಚಿಕ್ಕ ಪದಗಳಲ್ಲಿ ಒತ್ತು ಬಿಟ್ಟರೆ ಅದು ಇಂಗ್ಲಿಷಿನ ಬೇರೆ ಸಂಕ್ಷೇಪವಾಗಿಬಿಡುತ್ತದೆ. ಪದ ಉದ್ದವಾದಷ್ಟೂ ಒತ್ತು ಬಿಡಲು ಧೈರ್ಯ ಮಾಡಬಹುದು, ಗಿಡ್ಡವಾದಷ್ಟೂ ಇದ್ದಂತೆಯೇ ಇಡಬೇಕು.

ಬೇರೆಯವರ ಕಣ್ಣಿನಲ್ಲಿ ಓದಿ

ಅತಿ ಹೆಚ್ಚು ಎಚ್ಚರ ಬೇಕಾದ ಘಟ್ಟ ಇದು. ನಮಗೆ ಮುದ್ದಾಗಿ ಕಾಣುವ ಪದ ಇಂಗ್ಲಿಷ್ ಅಕ್ಷರಗಳಿಗೆ ಇಳಿದ ಕೂಡಲೇ ಮತ್ತೊಂದು ಭಾಷೆಯ ಪದವಾಗಬಹುದು, ಮತ್ತು ಸಣ್ಣ ಕಾರಿಗೆ ಸಹಜವಾಗಿ ಹೊಳೆಯುವ ಪದಗಳಲ್ಲಿಯೇ ಈ ಅಪಾಯ ಹೆಚ್ಚು.

‘ಪುಟ್ಟ’ ಮತ್ತು ‘ಪುಟಾಣಿ’ ಎರಡನ್ನೂ ಕೈಬಿಡಿ. ಇವುಗಳ ಮೊದಲ ಭಾಗ ಸ್ಪ್ಯಾನಿಷ್ ಭಾಷೆಯಲ್ಲಿ ಹೆಂಗಸರನ್ನು ಕುರಿತ ಕೊಳಕು ಬೈಗುಳಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ ಅಥವಾ ಬಹಳ ಸಮೀಪವಿರುತ್ತದೆ. ಸ್ಪ್ಯಾನಿಷ್ ಮಾತಾಡುವವರು ಲಕ್ಷಗಟ್ಟಲೆ ಇರುವ ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಒಂದು ವೇಳೆ ಮಂಜೂರಾದರೂ ರಸ್ತೆಯಲ್ಲಿ ಅದನ್ನು ನೋಡುವವರಿಗೆ ನಿಮ್ಮ ಪ್ರೀತಿ ತಿಳಿಯುವುದಿಲ್ಲ, ಬೈಗುಳವಷ್ಟೇ ಕಾಣುತ್ತದೆ. ‘ಬೊಂಬೆ’ ಎಂದರೆ ನಮಗೆ ಗೊಂಬೆ, ಇಂಗ್ಲಿಷಿನವರಿಗೆ ಮೊದಲ ನಾಲ್ಕಕ್ಷರಗಳಲ್ಲಿ ಸ್ಫೋಟಕ. ‘ದುಂಬಿ’ಯ ಮೊದಲ ನಾಲ್ಕಕ್ಷರ ಇಂಗ್ಲಿಷಿನಲ್ಲಿ ದಡ್ಡ ಎಂಬ ಅರ್ಥ ಕೊಡುತ್ತದೆ, ಬೀಟಲ್ ಕಾರಿಗೆ ದುಂಬಿಯ ಬದಲು ಜೀರುಂಡೆಯನ್ನು ಸೂಚಿಸಿದ್ದು ಇದಕ್ಕೇ. ‘ಗುಂಡ’ ಎಂದು ಮಗುವನ್ನು ಕರೆದಂತೆ ಕಾರನ್ನು ಕರೆಯಲು ಹೋದರೆ ಇಂಗ್ಲಿಷಿನವರಿಗೆ ಬಂದೂಕು, ಹಿಂದಿಯವರಿಗೆ ರೌಡಿ. ಮಲೆನಾಡಿನವರಿಗೆ ಪ್ರಿಯವಾದ ‘ಗುಡ್ಡ’ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ತೆಲುಗಿನ ಒಂದು ಅಸಭ್ಯ ಪದದಂತೆ ಓದಿಸಿಕೊಳ್ಳುತ್ತದೆ, ಮತ್ತು ಫ್ರೀಮಾಂಟ್, ಸನ್ನಿವೇಲ್ ಕಡೆಯ ಪಾರ್ಕಿಂಗ್ ಜಾಗಗಳಲ್ಲಿ ತೆಲುಗಿನವರಿಗೇನೂ ಕೊರತೆಯಿಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ‘ಮಗ’. ಗೆಳೆಯನನ್ನು ಮಗಾ ಎಂದು ಕರೆಯುವ ಆತ್ಮೀಯತೆಯನ್ನು ಎಂ-ಎ-ಜಿ-ಎ ಎಂದು ಬರೆಸಿದರೆ ಅದು ಅಮೆರಿಕದ ಒಂದು ರಾಜಕೀಯ ಘೋಷಣೆಯ ಸಂಕ್ಷಿಪ್ತ ರೂಪ. ನೀವು ಆ ಘೋಷಣೆಯ ಪರವೋ ವಿರೋಧವೋ ಎಂಬುದು ಬೇರೆ ಮಾತು. ಪ್ಲೇಟು ಮಾತ್ರ ಪ್ರತಿದಿನ ನಿಮ್ಮ ಪರವಾಗಿ ಪ್ರಚಾರ ಮಾಡುತ್ತಿರುತ್ತದೆ.

ಹೆಸರುಗಳಲ್ಲೂ ಇಂಥ ಗುಂಡಿಗಳಿವೆ. ಹರ್ಷಿತ್, ದೀಕ್ಷಿತ್ ಮುಂತಾದ ಹೆಸರುಗಳ ಕೊನೆಯ ನಾಲ್ಕಕ್ಷರ ಇಂಗ್ಲಿಷಿನ ಸಾಮಾನ್ಯ ಬೈಗುಳವಾಗಿರುವುದರಿಂದ ಇಲಾಖೆಯ ಜರಡಿಯಲ್ಲಿ ಸಿಕ್ಕಿಕೊಳ್ಳಬಹುದು. ಅದು ಅಪ್ಪಟ ಹೆಸರೆಂದು ವಿವರಿಸುವ ಹಕ್ಕು ನಿಮಗಿದೆ, ಆದರೆ ಸುಲಭವಾದ ದಾರಿ ಮತ್ತೊಂದು ಪದವನ್ನು ಆರಿಸುವುದು. ಮಕ್ಕಳ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಮನೆಯ ಸಂಖ್ಯೆ ಇವನ್ನು ಪ್ಲೇಟಿನ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ನೋಡಿದರೆ ನೆನಪಿನಲ್ಲಿ ಉಳಿಯಲೆಂದೇ ಮಾಡಿಸುವ ಫಲಕ ಅದು. ಅಪರಿಚಿತರ ನೆನಪಿನಲ್ಲಿ ಮಗುವಿನ ಹೆಸರು ಉಳಿಯಬೇಕಾದ ಅಗತ್ಯವಿಲ್ಲ. ಜಾತಿಸೂಚಕ ಪದಗಳನ್ನೂ ದೂರವಿಡಿ. ಕನ್ನಡದ ಹೆಸರಿನಲ್ಲಿ ರಸ್ತೆಗಿಳಿಯುವ ಪ್ಲೇಟು ಎಲ್ಲ ಕನ್ನಡಿಗರಿಗೂ ತಮ್ಮದೆನ್ನಿಸಬೇಕು.

ಮೂರು ಪರೀಕ್ಷೆಗಳು, ಒಂದೇ ಸಂಜೆಯಲ್ಲಿ

ಪದ ನಿಶ್ಚಯವಾಯಿತೆನ್ನಿಸಿದ ಮೇಲೆ ಹನ್ನೆರಡು ಇಂಚು ಅಗಲ, ಆರು ಇಂಚು ಎತ್ತರದ ರಟ್ಟನ್ನು ಕತ್ತರಿಸಿ, ಅದರ ಮೇಲೆ ದಪ್ಪ ಮಾರ್ಕರಿನಿಂದ ಏಳು ಅಕ್ಷರಗಳನ್ನೂ ಸಮ ಅಂತರದಲ್ಲಿ ಬರೆಯಿರಿ. ಅದನ್ನು ಕಾರಿನ ಹಿಂದೆ ಈಗಿರುವ ಪ್ಲೇಟಿನ ಮೇಲೆ ಟೇಪು ಹಚ್ಚಿ ಅಂಟಿಸಿ, ಕಾರನ್ನು ಮನೆಯ ಮುಂದೆ ನಿಲ್ಲಿಸಿಯೇ, ಮೂವತ್ತು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ. ಸಿಗ್ನಲಿನಲ್ಲಿ ನಿಮ್ಮ ಹಿಂದೆ ಎರಡು ಮೂರು ಕಾರುಗಳ ಆಚೆ ನಿಂತವನಿಗೆ ಕಾಣುವುದು ಇಷ್ಟೇ. ಅಲ್ಲಿಂದ ಎಂ ಮತ್ತು ಎನ್ ಬೇರೆ ಬೇರೆಯಾಗಿ ಕಾಣುತ್ತವೆಯೇ, ಯು ಮತ್ತು ವಿ ಒಂದಾಗುತ್ತವೆಯೇ ಎಂಬುದು ಕಾಗದದ ಚೀಟಿಯಲ್ಲಿ ತಿಳಿಯುವುದಿಲ್ಲ, ರಟ್ಟಿನ ಮೇಲೆ ತಿಳಿಯುತ್ತದೆ. ‘ನಮ್ಮೂರು’ ಎಂಬ ಪದ ಏಳಕ್ಷರಕ್ಕೆ ಸರಿಹೊಂದಿದರೂ ಅದರ ನಡುವಿನ ಎರಡು ಎಂಗಳು ದೂರದಿಂದ ಒಂದೇ ಬೇಲಿಯಂತೆ ಕಾಣುವುದನ್ನು ನೀವು ಇಲ್ಲಿಯೇ ಕಂಡುಕೊಳ್ಳುತ್ತೀರಿ. ನೋಡಿದ ಮೇಲೆ ರಟ್ಟನ್ನು ಮರೆಯದೆ ತೆಗೆಯಿರಿ.

ಎರಡನೆಯದಾಗಿ, ರಟ್ಟನ್ನು ಇಬ್ಬರಿಗೆ ತೋರಿಸಿ. ಒಬ್ಬರು ಮೊದಲೇ ಏನನ್ನೂ ತಿಳಿಯದ ಕನ್ನಡಿಗರಾಗಿರಲಿ. ಅಮೆರಿಕದಲ್ಲಿಯೇ ಹುಟ್ಟಿ, ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದು, ಓದುವುದನ್ನು ಇಂಗ್ಲಿಷಿನಲ್ಲಿ ಮಾತ್ರ ಕಲಿತ ಮಕ್ಕಳು ಇದಕ್ಕೆ ಅತ್ಯುತ್ತಮ. ಅವರು ತಡವರಿಸದೆ ಓದಿದರೆ ಕಾಗುಣಿತ ಸರಿಯಿದೆ ಎಂದರ್ಥ. ಇನ್ನೊಬ್ಬರು ಕನ್ನಡದ ಗಂಧವೇ ಇಲ್ಲದ ನೆರೆಯವರಾಗಿರಲಿ. ಅವರಿಗೆ ಅರ್ಥವಾಗಬೇಕಾಗಿಲ್ಲ, ಓದಿದ ಕೂಡಲೇ ಮುಖ ಹುಳ್ಳಗಾಗದಿದ್ದರೆ ಸಾಕು.

ಮೂರನೆಯದು ಕಿವಿಯ ಪರೀಕ್ಷೆ. ವಿಮಾ ಕಂಪನಿಗೆ, ಗ್ಯಾರೇಜಿಗೆ, ಹೋಟೆಲಿನ ಸ್ವಾಗತಕಟ್ಟೆಗೆ ಈ ಅಕ್ಷರಗಳನ್ನು ಫೋನಿನಲ್ಲಿ ಹೇಳಬೇಕಾದ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಒಬ್ಬರಿಗೆ ಫೋನ್ ಮಾಡಿ ‘ಎಂ ಫಾರ್ ಮೇರಿ, ಯು ಫಾರ್ ಅಂಕಲ್’ ಎಂದು ಮೂಷಿಕವನ್ನು ಬರೆಸಿ ನೋಡಿ. ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡರೆ ಪದ ಗೆದ್ದಿತು. ಬಿ, ಡಿ, ಪಿ, ಟಿ, ಜಿ, ಇ ಇವೆಲ್ಲ ಫೋನಿನಲ್ಲಿ ಒಂದೇ ರೀತಿ ಕೇಳುವುದರಿಂದ ಇವು ಸಾಲಾಗಿ ಬರುವ ಪದಗಳು ಇಲ್ಲಿ ಸೋಲುತ್ತವೆ.

ಅರ್ಜಿಯ ಮೇಲೆ ಏನು ಬರೆಯಬೇಕು

ಕ್ಯಾಲಿಫೋರ್ನಿಯಾದ ಅರ್ಜಿಯಲ್ಲಿ ಮೂರು ಆಯ್ಕೆಗಳಿಗೆ ಜಾಗವಿದೆ, ಮತ್ತು ಪ್ರತಿಯೊಂದರ ಅರ್ಥವನ್ನೂ ಬರೆಯುವುದು ಕಡ್ಡಾಯ. ಪರಿಶೀಲಿಸುವವರಿಗೆ ಕನ್ನಡ ಬಾರದಿರುವುದೇ ಹೆಚ್ಚು. ‘ಕನ್ನಡ ಪದ’ ಎಂದಷ್ಟೇ ಬರೆದು ಬಿಟ್ಟರೆ ಸಂಶಯಕ್ಕೆ ನೀವೇ ಎಡೆ ಮಾಡಿಕೊಟ್ಟಂತಾಗುತ್ತದೆ. ‘ಕನ್ನಡ ಎಂಬ ಭಾರತೀಯ ಭಾಷೆಯಲ್ಲಿ ಇಲಿ, ಗಣೇಶನ ವಾಹನ, ನನ್ನ ಕಾರು ಚಿಕ್ಕದು’ ಎಂದು ಮೂರು ತುಣುಕುಗಳಲ್ಲಿ ಇಂಗ್ಲಿಷಿನಲ್ಲಿ ತಿಳಿಸಿ. ಅಂಕಿಯ ಆಟವಿದ್ದರೆ ಅದನ್ನೂ ಬಿಡಿಸಿ ಹೇಳಿ: 6 ಎಂಬುದನ್ನು ಕನ್ನಡದಲ್ಲಿ ಆರು ಎನ್ನುತ್ತಾರೆ, ಕೆ ಸೇರಿದರೆ ಕಾರು. ಮುಚ್ಚಿಟ್ಟ ಅರ್ಥ ಯಾವುದೂ ಇಲ್ಲವೆಂಬುದು ಓದಿದೊಡನೆ ಸ್ಪಷ್ಟವಾಗಬೇಕು.

‘ಸದಭಿರುಚಿಗೆ ಧಕ್ಕೆ’ ಎಂಬ ಸಡಿಲವಾದ ಕಾರಣ ಕೊಟ್ಟು ಪ್ಲೇಟುಗಳನ್ನು ನಿರಾಕರಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2020ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಹಾಗೆಂದು ಅಶ್ಲೀಲ ಮತ್ತು ದ್ವೇಷದ ಪದಗಳಿಗೆ ಬಾಗಿಲು ತೆರೆಯಿತೆಂದಲ್ಲ. ಒಳ್ಳೆಯ ಪದ ಆರಿಸುವವರಿಗೆ ಆ ಗಡಿಯ ಹತ್ತಿರ ಸುಳಿಯುವ ಅಗತ್ಯವೇ ಬರುವುದಿಲ್ಲ.

ಮೂರು ಜಾಗಗಳನ್ನೂ ಮನಸ್ಸಿಟ್ಟು ತುಂಬಿ. ಇದಕ್ಕೆ ಒಂದು ಹಳೆಯ ಪ್ರಸಂಗ ಸಾಕ್ಷಿ. 1979ರಲ್ಲಿ ಲಾಸ್ ಏಂಜಲೀಸಿನ ಒಬ್ಬರು ಹಾಯಿದೋಣಿಗೆ ಸಂಬಂಧಿಸಿದ ಎರಡು ಪದಗಳನ್ನು ಬರೆದು, ಅವೆರಡೂ ಸಿಗದಿದ್ದರೆ ಬೇರೆ ಬೇಡ ಎಂಬ ಅರ್ಥದಲ್ಲಿ ಮೂರನೆಯ ಜಾಗದಲ್ಲಿ ‘ನೋ ಪ್ಲೇಟ್’ ಎಂದು ಬರೆದರು. ಇಲಾಖೆ ಅದನ್ನೇ ಅಚ್ಚು ಹಾಕಿ ಕಳಿಸಿತು. ಪ್ಲೇಟಿಲ್ಲದೆ ನಿಂತ ಕಾರುಗಳಿಗೆ ಪೊಲೀಸರು ದಂಡದ ಚೀಟಿಯಲ್ಲಿ ಬರೆಯುತ್ತಿದ್ದುದು ‘ನೋ ಪ್ಲೇಟ್’ ಎಂಬುದನ್ನೇ ಆದ್ದರಿಂದ, ರಾಜ್ಯದ ಮೂಲೆ ಮೂಲೆಗಳಿಂದ ಸಾವಿರಾರು ಪಾರ್ಕಿಂಗ್ ದಂಡಗಳು ಅವರ ವಿಳಾಸಕ್ಕೆ ಬಂದವು. 2019ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕರೊಬ್ಬರು ತಮಗೂ ಹೀಗೆಯೇ ಆದುದನ್ನು ಲಾಸ್ ವೇಗಸಿನ ಸಮ್ಮೇಳನವೊಂದರಲ್ಲಿ ವಿವರಿಸಿದರು. ಕಂಪ್ಯೂಟರಿನ ಭಾಷೆಯಲ್ಲಿ ಶೂನ್ಯಮಾಹಿತಿ ಎಂಬ ಅರ್ಥ ಕೊಡುವ ‘ನಲ್’ ಅವರ ಪ್ಲೇಟಾಗಿತ್ತು. ಪ್ಲೇಟಿನ ಜಾಗ ಖಾಲಿ ಬಿಟ್ಟ ದಾಖಲೆಗಳೆಲ್ಲ ಅವರ ಹೆಸರಿಗೆ ಅಂಟಿಕೊಂಡು ಹನ್ನೆರಡು ಸಾವಿರ ಡಾಲರ್ ಮೀರಿದ ದಂಡಗಳು ಬಂದಿದ್ದವು. ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ: ಖಾಲಿ, ಇಲ್ಲ, ಪರೀಕ್ಷೆ, ತಿಳಿಯದು ಎಂಬ ಅರ್ಥ ಕೊಡುವ ಯಾವ ಇಂಗ್ಲಿಷ್ ಪದವನ್ನೂ ಪ್ಲೇಟಿಗೆ ತರಬೇಡಿ.

ಹಿನ್ನೆಲೆಯ ಬಣ್ಣದ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಮಾದರಿಯ ಕಪ್ಪು ಹಿನ್ನೆಲೆ, ಹಳದಿ ಅಕ್ಷರದ ಪ್ಲೇಟು ಸಿಗುತ್ತದೆ, ಅದಕ್ಕೆ ಶುಲ್ಕ ಬೇರೆ. 1950ರ ದಶಕದ ಹಳದಿ ಫಲಕವನ್ನೂ ಮತ್ತೆ ತರುವ ಯೋಜನೆಯಿತ್ತು, ಆದರೆ ಬೇಕಾಗಿದ್ದ 7,500 ಮುಂಗಡ ಅರ್ಜಿಗಳು ಅದಕ್ಕೆ ಬರಲಿಲ್ಲ. ಅರಿಶಿನ ಕುಂಕುಮದ ಬಣ್ಣ ಬೇಕೇಬೇಕೆನ್ನುವವರು ತೆಳುವಾದ ಹಳದಿ ಕೆಂಪು ಚೌಕಟ್ಟನ್ನು ಹಾಕಿಕೊಳ್ಳಬಹುದು. ಅದು ಅಕ್ಷರಗಳನ್ನಾಗಲಿ ನೋಂದಣಿಯ ಸ್ಟಿಕ್ಕರನ್ನಾಗಲಿ ಮುಚ್ಚಬಾರದು. ಮಕ್ಕಳ ಕಲ್ಯಾಣಕ್ಕೆ ಹಣ ಹೋಗುವ ‘ಕಿಡ್ಸ್’ ಪ್ಲೇಟಿನಲ್ಲಿ ಹೃದಯ, ನಕ್ಷತ್ರ, ಹಸ್ತ, ಕೂಡುವ ಚಿಹ್ನೆ ಈ ನಾಲ್ಕರಲ್ಲಿ ಒಂದನ್ನು ಸೇರಿಸಬಹುದು. ಚಿಹ್ನೆಗೂ ಒಂದು ಸ್ಥಾನ ಖರ್ಚಾಗುವುದರಿಂದ ಏಳಕ್ಷರದ ಪದಗಳಿಗೆ ಅದು ಒಗ್ಗುವುದಿಲ್ಲ, ‘ಚುಕ್ಕಿ’ಯಂಥ ಗಿಡ್ಡ ಪದಗಳಿಗೆ ನಕ್ಷತ್ರ ಚೆನ್ನಾಗಿ ಒಪ್ಪುತ್ತದೆ.

ಪ್ಲೇಟು ಕೈಗೆ ಬಂದ ಮೇಲೆ

ಪ್ಲೇಟು ತಯಾರಾಗಲು ಕೆಲವು ತಿಂಗಳುಗಳೇ ಹಿಡಿಯಬಹುದು. ಬಂದಾಗ ಹಳೆಯದನ್ನು ಡಿಎಂವಿಗೆ ಒಪ್ಪಿಸಿ ಹೊಸದನ್ನು ಪಡೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಮುಂದೆಯೂ ಹಿಂದೆಯೂ ಪ್ಲೇಟು ಹಾಕಬೇಕು; ಅರಿಜೋನಾ, ಫ್ಲಾರಿಡಾ, ಜಾರ್ಜಿಯಾ, ಮಿಷಿಗನ್ ಮೊದಲಾದ ರಾಜ್ಯಗಳಲ್ಲಿ ಹಿಂದೆ ಮಾತ್ರ. ಸಣ್ಣ ಕಾರುಗಳ ಮುಂದಿನ ಬಂಪರಿನಲ್ಲಿ ಕೆಲವೊಮ್ಮೆ ಪ್ಲೇಟಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ, ಆದ್ದರಿಂದ ಅದನ್ನು ಕೂರಿಸುವ ಪಟ್ಟಿಯನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಅದೇ ದಿನ ಕುಳಿತು, ಹಳೆಯ ಸಂಖ್ಯೆ ಎಲ್ಲೆಲ್ಲಿ ದಾಖಲಾಗಿದೆಯೋ ಅಲ್ಲೆಲ್ಲ ಬದಲಿಸಿ. ಟೋಲ್ ಕಟ್ಟುವ ಫಾಸ್ಟ್ರಾಕ್ ಖಾತೆಯೇ ಮೊದಲು. ಬೇ ಏರಿಯಾದ ಸೇತುವೆಗಳ ಮೇಲಿನ ಕ್ಯಾಮೆರಾಗಳು ಪ್ಲೇಟನ್ನು ಓದುತ್ತವೆ, ಖಾತೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಟೋಲ್ ತಪ್ಪಿಸಿದ ನೋಟಿಸು ಬರಬಹುದು. ಆಮೇಲೆ ವಿಮೆ, ಕಚೇರಿಯ ಪಾರ್ಕಿಂಗ್ ಪರವಾನಗಿ, ಮಕ್ಕಳ ಶಾಲೆಯಲ್ಲಿ ಕೊಟ್ಟ ವಾಹನದ ವಿವರ, ಫೋನಿನಲ್ಲಿರುವ ಪಾರ್ಕಿಂಗ್ ಆ್ಯಪ್‌ಗಳು. ಮುಂದೆ ಕಾರನ್ನು ಮಾರುವಾಗ ಈ ಪ್ಲೇಟನ್ನು ಬಿಚ್ಚಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಪ್ಲೇಟು ಕಾರಿನೊಂದಿಗೆ ಹೋಗುತ್ತದೆ, ಸ್ವಂತ ಆಯ್ಕೆಯದು ಮಾಲೀಕರ ಬಳಿಯೇ ಉಳಿಯುತ್ತದೆ. ಡಿಎಂವಿಗೆ ತಿಳಿಸಿ, ಶುಲ್ಕ ಕಟ್ಟಿ, ಅದನ್ನು ನಿಮ್ಮ ಮುಂದಿನ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಮುಂದಿನ ಕಾರು ದೊಡ್ಡದಾಗುವ ಸಾಧ್ಯತೆ ಇದೆಯೆಂದಾದರೆ, ‘ಸಣ್ಣ ಕಾರು’ ಎಂಬುದಕ್ಕಿಂತ ‘ನಮ್ಮ ಕಾರು’ ಎಂಬುದನ್ನೇ ಅರ್ಜಿಯ ಮೊದಲ ಆಯ್ಕೆಯಾಗಿ ಬರೆಯಿರಿ.